ಹಳೆಯ ನೋಟಿನ ಬೆಲೆಯೂ ಅರಿತವನ ಧರ್ಮವೂ

ವಸ್ತುವಿನ ನಿಜವಾದ ಬೆಲೆಯನ್ನು ಅರಿತವನು ಅರಿಯದವನಿಂದ ಅದನ್ನು ಅಗ್ಗವಾಗಿ ಕೊಂಡುಕೊಂಡರೆ, ಅದು ವ್ಯಾಪಾರವೋ ವಂಚನೆಯೋ? ಈ ಪ್ರಶ್ನೆಯು ಬಹು ಪುರಾತನವಾದುದು. ಹಿಂದೆ ರತ್ನಪರೀಕ್ಷಕರ ಅಂಗಡಿಯಲ್ಲಿ ಹುಟ್ಟುತ್ತಿದ್ದ ಇದು ಈಗ ಹಳೆಯ ಕಾಗದದ ನೋಟುಗಳ ನೆಪದಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳನ್ನೂ ಹೊಕ್ಕಿದೆ.

ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಇಂಡಿಯಾದ ನೋಟುಗಳೇ ಚಲಾವಣೆಯಲ್ಲಿದ್ದವು. ನಾಲೆಯ ನೀರು ಹರಿದು, ೧೯೩೩ರಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ, ಕಬ್ಬು ಬೆಳೆದ ರೈತನ ಕೈಗೂ ರೊಕ್ಕವು ಬರತೊಡಗಿತು. ಹಾಗೆ ಬಂದ ನೋಟುಗಳಲ್ಲಿ ಒಂದೆರಡು ಖರ್ಚಾಗದೆ ದೇವರ ಪೆಟ್ಟಿಗೆಯಲ್ಲಿಯೋ, ಪುರಾಣದ ಪುಸ್ತಕದ ಹಾಳೆಗಳ ನಡುವೆಯೋ ಉಳಿದಿರಬಹುದು. ಅಂತಹ ನೋಟು ಮೊಮ್ಮಕ್ಕಳ ಕೈಗೆ ಸಿಕ್ಕಾಗ ಅದರ ಬೆಲೆ ಏನೆಂಬ ವಿಚಾರವು ಹುಟ್ಟುತ್ತದೆ.

ನೋಟಿನ ಪರೀಕ್ಷೆಯಲ್ಲಿ ಮೊದಲು ನೋಡತಕ್ಕದ್ದು ಹೊರಡಿಸಿದವರು ಯಾರೆಂಬುದನ್ನು. ಒಂದು ರೂಪಾಯಿನ ನೋಟು ಸರ್ಕಾರದ್ದು. ಮಹಾಯುದ್ಧದಲ್ಲಿ ಬೆಳ್ಳಿಯು ಅಭಾವವಾದುದರಿಂದ, ಐದನೆಯ ಜಾರ್ಜ್ ದೊರೆಯ ತಲೆಯುಳ್ಳ ರೂಪಾಯಿಯ ಚಿತ್ರವನ್ನು ಅಚ್ಚೊತ್ತಿ ೧೯೧೭ರ ನವೆಂಬರ್ ೩೦ರಂದು ಅದನ್ನು ಹೊರಡಿಸಿದರು. ೧೯೨೬ರಲ್ಲಿ ನಿಂತುಹೋದ ಅದು ೧೯೪೦ರಲ್ಲಿ ಮರಳಿ ಬಂದಿತು. ೧೯೩೫ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕು ತನ್ನ ನೋಟುಗಳನ್ನು ಮೊದಲು ಹೊರಡಿಸಿದುದು ೧೯೩೮ರಲ್ಲಿ. ಎರಡನೆಯದು ಸಹಿ. ಬ್ಯಾಂಕಿನ ನೋಟಿಗೆ ಗವರ್ನರ ಸಹಿ. ಸರ್ಕಾರದ ಒಂದು ರೂಪಾಯಿಗೆ ಹಣಕಾಸಿನ ಕಾರ್ಯದರ್ಶಿಯ ಸಹಿ. ಮನಮೋಹನ ಸಿಂಗರ ಸಹಿಯು ಈ ಎರಡು ಬಗೆಯ ನೋಟುಗಳಲ್ಲಿಯೂ ಕಾಣುತ್ತದೆ. ಮಂಗಳೂರಿನವರಾದ ಬೆನಗಲ್ ರಾಮರಾಯರು ೧೯೪೯ರಿಂದ ೧೯೫೭ರ ವರೆಗೆ ಗವರ್ನರಾಗಿದ್ದರು. ಅವರ ಸಹಿಯುಳ್ಳ ನೋಟು ಯಾವ ಕಾಲದ್ದೆಂದು ಇದರಿಂದಲೇ ತಿಳಿಯಬಹುದು. ಇವುಗಳ ಮೇಲೆ ಕ್ರಮಸಂಖ್ಯೆ, ಬೆಳಕಿಗೆ ಹಿಡಿದಾಗ ಕಾಣುವ ನೀರುಗುರುತು, ಕಡೆಯದಾಗಿ ಕಾಗದದ ಸ್ಥಿತಿ. ಮಡಿಕೆಯಿಲ್ಲದ, ಟಾಚಣಿಯ ತೂತಿಲ್ಲದ ನೋಟಿಗೂ ಹರಿದು ಮಾಸಿದ ನೋಟಿಗೂ ಬೆಲೆಯಲ್ಲಿ ಅಜಗಜಾಂತರವುಂಟು. ಚೊಕ್ಕಟವಾಗಲೆಂದು ತೊಳೆದು ಇಸ್ತ್ರಿ ಮಾಡಿದವನು ಇದ್ದ ಬೆಲೆಯನ್ನೂ ಕಳೆಯುತ್ತಾನೆ.

ಹಳೆಯದೆಲ್ಲವೂ ಬೆಲೆಯುಳ್ಳದ್ದೆಂಬುದು ಭ್ರಮೆ. ಎಷ್ಟು ಉಳಿದಿವೆ, ಎಷ್ಟು ಜನರು ಬಯಸುತ್ತಾರೆ ಎಂಬುದರಿಂದ ಬೆಲೆಯು ನಿರ್ಣಯವಾಗುತ್ತದೆ. ೧೯೪೬ರ ಜನವರಿಯಲ್ಲಿ ೫೦೦, ೧೦೦೦, ೧೦,೦೦೦ ರೂಪಾಯಿಗಳ ನೋಟುಗಳನ್ನು ರದ್ದುಮಾಡಿದಾಗ ಜನರು ಅವನ್ನು ಹಿಂದಿರುಗಿಸಿದರು. ಹಿಂದಿರುಗಿಸದೆ ಉಳಿದವುಗಳಿಗೆ ಅಂಗಡಿಯಲ್ಲಿ ಒಂದು ಸೇರು ಅಕ್ಕಿಯೂ ಬಾರದು. ಆದರೆ ಸಂಗ್ರಾಹಕನಿಗೆ ಅವೇ ದುರ್ಲಭವಾದ ವಸ್ತುಗಳು. ಚಲಾವಣೆಯ ಬೆಲೆಯು ಸತ್ತಲ್ಲಿ ಅಪೂರ್ವತೆಯ ಬೆಲೆಯು ಹುಟ್ಟಿತು. ಅರಿತವನಿಗೂ ಅರಿಯದವನಿಗೂ ಅಂತರವು ಬೀಳುವುದು ಈ ಎರಡು ಬೆಲೆಗಳ ಸಂಧಿಯಲ್ಲಿಯೇ.

ಮಳವಳ್ಳಿಯ ಕಡೆಯ ವೃದ್ಧೆಯೊಬ್ಬಳು ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಐದನೆಯ ಜಾರ್ಜನ ಒಂದು ರೂಪಾಯಿನ ನೋಟನ್ನು ಮದ್ದೂರಿನ ಸಂಗ್ರಾಹಕನಿಗೆ ತೋರಿಸಿ, "ಇದು ಈಗ ನಡೀತದೇನಪ್ಪ?" ಎಂದು ಕೇಳಿದಳೆಂದು ಭಾವಿಸೋಣ. "ನಡೆಯೋದಿಲ್ಲ ಕಣಮ್ಮ; ಆದ್ರೂ ನೂರು ರೂಪಾಯಿ ಕೊಡ್ತೀನಿ" ಎಂದು ಅವನ ಉತ್ತರ. ಅದರ ಬೆಲೆಯು ನೂರರ ಹಲವು ಪಾಲೆಂದು ಅವನು ಬಲ್ಲನು. ಅವನಾಡಿದುದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅವಳು ಸಂತೋಷದಿಂದಲೇ ಹೋಗುತ್ತಾಳೆ. ಹಾಗಾದರೆ ದೋಷವೆಲ್ಲಿ?

ಅವನ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ಅವನು ವರ್ಷಗಟ್ಟಲೆ ಶ್ರಮಿಸಿ ಈ ವಿದ್ಯೆಯನ್ನು ಸಂಪಾದಿಸಿದ್ದಾನೆ; ವಿದ್ಯೆಗೆ ಫಲವಿಲ್ಲವೆಂದರೆ ಕಲಿಯುವವರಾರು? ಅವನು ಕೊಳ್ಳದಿದ್ದರೆ ಆ ನೋಟು ಗೆದ್ದಲಿನ ಪಾಲಾಗುತ್ತಿತ್ತು. ಇದೆಲ್ಲವೂ ನಿಜವೇ. ನೋಟಿನ ವ್ಯಾಪಾರಿಯ ಅಂಗಡಿಯಲ್ಲಿ, ಬೆಲೆಯನ್ನು ಬಲ್ಲೆನೆಂದು ಕುಳಿತವನಿಂದಲೇ ಅವನು ಅಗ್ಗವಾಗಿ ಕೊಂಡಿದ್ದರೆ ಅದು ಜಾಣತನವೆನಿಸುತ್ತಿತ್ತು. ಏಕೆಂದರೆ ಅಲ್ಲಿ ಇಬ್ಬರೂ ಸಮರು. ಆದರೆ ವೃದ್ಧೆಯು ಮಾರಲು ಬಂದವಳಲ್ಲ, ಕೇಳಲು ಬಂದವಳು. ಕೇಳಿದ ಕ್ಷಣದಲ್ಲಿಯೇ ಅವಳು ಅವನನ್ನು ಪರೀಕ್ಷಕನ ಪೀಠದಲ್ಲಿ ಕುಳ್ಳಿರಿಸಿದಳು. ಪರೀಕ್ಷಕನೇ ಗ್ರಾಹಕನಾಗಿ, ಆ ಸಂಗತಿಯನ್ನು ಮರೆಮಾಡಿದರೆ, ಅವನ ಮೌನವು ಕಳ್ಳತೂಕದ ಕಲ್ಲಿಗೆ ಸಮಾನ.

ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿಯಾದ ಜಾಜಲಿಗೆ ಧರ್ಮವನ್ನು ತಿಳಿಸಿದವನು ತುಲಾಧಾರನೆಂಬ ವರ್ತಕ. ಎಲ್ಲರಿಗೂ ಸಮನಾದ ತಕ್ಕಡಿಯೇ ಅವನ ತಪಸ್ಸು. ಕೊಂಡುದಕ್ಕಾಗಲಿ ಮಾರಿದುದಕ್ಕಾಗಲಿ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು, ಹಿಂದಕ್ಕೆ ಪಡೆಯಬಹುದು ಎಂದು ಮನುಸ್ಮೃತಿಯ ೮ನೆಯ ಅಧ್ಯಾಯವು ವಿಧಿಸುತ್ತದೆ. ತಿಳಿವಳಿಕೆಯು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬಾರದೆಂಬುದನ್ನು ಶಾಸ್ತ್ರವೂ ಬಲ್ಲದು. ಆದುದರಿಂದ ಸಂಗ್ರಾಹಕನು ಬೆಲೆಯನ್ನು ಹೇಳಿ, ತನ್ನ ವಿದ್ಯೆಗೆ ತಕ್ಕ ಲಾಭವನ್ನು ಬಿಚ್ಚಿ ಕೇಳುವುದೇ ನ್ಯಾಯ. "ಹತ್ತು ದಿನ ವಿಚಾರಿಸಿಕೊಂಡು ಬಾರಮ್ಮ" ಎನ್ನಲು ಅಂಜುವ ವ್ಯಾಪಾರವು ಶುದ್ಧವಾದುದಲ್ಲ.

ಹಾಗೆಂದು ದೋಷವೆಲ್ಲವೂ ಕೊಳ್ಳುವವನದೇ ಅಲ್ಲ. ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡಿಸುವೆವೆಂದು ನಂಬಿಸಿ, ಮೊದಲು ಶುಲ್ಕವನ್ನೂ ತೆರಿಗೆಯನ್ನೂ ಕಟ್ಟಿರೆಂದು ತನ್ನ ಹೆಸರಿನಲ್ಲಿ ಸುಲಿಯುವವರ ವಿಷಯದಲ್ಲಿ ೨೦೨೧ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು. ಅಲ್ಲಿ ಮೋಸಗಾರನಿಗೆ ದಾರಿ ಮಾಡಿಕೊಡುವುದು ಮಾರುವವನ ಅತ್ಯಾಸೆ. ೨೦೧೬ರಲ್ಲಿ ರದ್ದಾದ ೫೦೦, ೧೦೦೦ ರೂಪಾಯಿಗಳ ನೋಟುಗಳನ್ನು ಸಾಮಾನ್ಯರು ಒಟ್ಟು ಹತ್ತಕ್ಕಿಂತಲೂ, ಅಭ್ಯಾಸ ಸಂಶೋಧನೆ ಸಂಗ್ರಹಗಳಿಗಾಗಿ ಇಟ್ಟವರು ಇಪ್ಪತ್ತೈದಕ್ಕಿಂತಲೂ ಹೆಚ್ಚಾಗಿ ಇಟ್ಟುಕೊಳ್ಳಕೂಡದೆಂದು ೨೦೧೭ರ ಕಾಯಿದೆಯು ನಿಷೇಧಿಸಿದೆ. ಇದನ್ನೂ ಗೃಹಸ್ಥರು ಅರಿತಿರಬೇಕು.

ನೋಟೆಂಬುದು ಮೂಲತಃ ಒಂದು ವಚನ. ಇಷ್ಟು ಹಣವನ್ನು ಕೊಡುವೆನೆಂಬ ಮಾತಿನ ಬಲದಿಂದಲೇ ಕಾಗದವು ರೊಕ್ಕವಾಯಿತು. ವಿಶ್ವಾಸದಿಂದ ಹುಟ್ಟಿದ ಆ ವಸ್ತುವನ್ನು ವಿಶ್ವಾಸಘಾತದಿಂದ ಸಂಪಾದಿಸಿ ಪೆಟ್ಟಿಗೆಯಲ್ಲಿಡುವವನು, ಕಾಗದವನ್ನು ಉಳಿಸಿಕೊಂಡು ಅದರ ಅರ್ಥವನ್ನು ಕಳೆದುಕೊಂಡವನೇ ಸರಿ.