‘ನನಗೇನೂ ಬೇಡ’ ಎನ್ನುವವರು

ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಒಂದು ಆನೆ ತಪ್ಪದೆ ಬರುತ್ತದೆ. ಮರಿಯಾಗಿದ್ದಾಗ ಸರಪಳಿಯಲ್ಲಿ ಕಟ್ಟಿಸಿಕೊಂಡು, ಬೆಳೆದ ಮೇಲೂ ಒಂದು ತೆಳು ಹಗ್ಗಕ್ಕೆ ಹೆದರಿ ನಿಂತಲ್ಲೇ ನಿಲ್ಲುವ ಆನೆ. ‘ಹಗ್ಗ ಇರುವುದು ನಿಮ್ಮ ತಲೆಯಲ್ಲಿ, ಕಿತ್ತೆಸೆದು ನಡೆಯಿರಿ’ ಎನ್ನುತ್ತಾರೆ ಭಾಷಣಕಾರರು. ಚಪ್ಪಾಳೆ ಬೀಳುತ್ತದೆ. ಸರಪಳಿ ಬಿಗಿದ ಮಾವುತನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಮಗೆ ನಾವೇ ಹಾಕಿಕೊಂಡ ಮಿತಿಗಳೆಂದು ಕರೆಯುವವುಗಳಲ್ಲಿ ಬಹುಪಾಲು ನಾವು ಹಾಕಿಕೊಂಡವಲ್ಲ ಎಂದೇ ನನ್ನ ವಾದ. ಬೇರೆಯವರು ಹಾಕಿದ್ದನ್ನು ಕಾಲಾಂತರದಲ್ಲಿ ನಮ್ಮ ಸ್ವಭಾವದ ಖಾತೆಗೆ ಬರೆದುಕೊಂಡಿರುತ್ತೇವೆ, ಅಷ್ಟೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಕೆಲವೇ ದಿನಗಳಲ್ಲಿ ಧರ್ಮಸ್ಥಳ, ಕುಕ್ಕೆಯ ಕಡೆಗೆ ಹೋಗುವ ಬಸ್ಸುಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿದವು. ಮನೆ ಬಿಟ್ಟು ಊರೂರು ಸುತ್ತುತ್ತಿದ್ದಾರೆ ಎಂಬ ಕುಹಕವೂ ಹರಿದಾಡಿತು. ಖಜಾನೆಯ ಲೆಕ್ಕ ಇಲ್ಲಿ ಬೇಡ, ಅದರ ಜಗಳ ಬೇರೆ. ನನ್ನನ್ನು ಕಾಡುವುದು ಇನ್ನೊಂದು. ಆ ಬಸ್ಸು ಹತ್ತಿದ ಎಷ್ಟೋ ಜನರನ್ನು ಹಿಂದಿನ ತಿಂಗಳು ಕೇಳಿದ್ದರೆ, ‘ನನಗೆಲ್ಲಿಯ ತಿರುಗಾಟ, ಮನೆಯಲ್ಲಿದ್ದರೇ ನೆಮ್ಮದಿ’ ಎನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಯಾರು?

ದುಡ್ಡಿರಲಿಲ್ಲ, ಖರ್ಚು ತಪ್ಪಿತು, ಹೋದರು. ಇದರಲ್ಲಿ ತತ್ತ್ವವೇನು ಬಂತು ಎನ್ನಬಹುದು. ಬಂದದ್ದು ಇದು: ‘ದುಡ್ಡಿಲ್ಲ’ ಎಂದು ಅವರು ಹೇಳುತ್ತಿರಲಿಲ್ಲ, ‘ಇಷ್ಟವಿಲ್ಲ’ ಎನ್ನುತ್ತಿದ್ದರು. ಹಾಗೆಂದೇ ನಂಬಿಯೂ ಇದ್ದರು. ಪ್ರತಿ ಪ್ರಯಾಣಕ್ಕೂ ಗಂಡನ ಮುಂದೆಯೋ ಮಗನ ಮುಂದೆಯೋ ಕೈಯೊಡ್ಡಬೇಕಾದವರಿಗೆ ಆಸೆಯನ್ನೇ ಬಿಡುವುದು ಎಷ್ಟೋ ಸಲೀಸು, ಮರ್ಯಾದೆಯೂ ಉಳಿಯುತ್ತದೆ.

ನಾರ್ವೆಯ ಚಿಂತಕ ಯೂನ್ ಎಲ್ಸ್ಟರ್ 1983ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಹೆಸರಿಟ್ಟದ್ದು ಹುಳಿ ದ್ರಾಕ್ಷಿಯ ನರಿಯ ಕತೆಯಿಂದ. ಎಟುಕದ್ದನ್ನು ಬೇಡವೆನ್ನುವಂತೆ ಮನಸ್ಸು ತನ್ನ ಬಯಕೆಯನ್ನೇ ಕತ್ತರಿಸಿಕೊಳ್ಳುತ್ತದೆ, ಕತ್ತರಿಸಿದ್ದು ಅದಕ್ಕೇ ಗೊತ್ತಾಗುವುದಿಲ್ಲ ಎಂಬುದು ಅವನ ವಾದದ ತಿರುಳು. ನರಿಗಾದರೂ ದ್ರಾಕ್ಷಿಗಾಗಿ ಹಾರಿದ ನೆನಪಿತ್ತು. ನಮ್ಮಲ್ಲಿ ಅನೇಕರಿಗೆ ಅದೂ ಇಲ್ಲ.

ಹಾಗಾದರೆ ಮಿತಿಗಳೆಲ್ಲ ಕೆಟ್ಟವೇ? ಖಂಡಿತ ಅಲ್ಲ. ಗಾಂಧಿ ಸೋಮವಾರಗಳಂದು ಮೌನವಾಗಿರುತ್ತಿದ್ದರು, ಹೇಳಲೇಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ವ್ರತ ಹಿಡಿದವರಿಗೆ ಅದನ್ನು ಯಾವಾಗ, ಏಕೆ ಹಿಡಿದೆವೆಂಬುದು ಗೊತ್ತಿರುತ್ತದೆ. ‘ನನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ’, ‘ನಾಲ್ಕು ಜನರೆದುರು ಮಾತು ಬರುವುದಿಲ್ಲ’ ಎನ್ನುವವರನ್ನು ಇದು ಎಂದಿನಿಂದ ಎಂದು ಕೇಳಿ ನೋಡಿ. ‘ಮೊದಲಿಂದಲೂ ಹಾಗೆಯೇ’ ಎನ್ನುತ್ತಾರೆ. ಮೊದಲೆಂಬುದೇ ಇಲ್ಲದ ಇಂಥ ಮಿತಿಗಳ ಮೇಲೆಯೇ ಅನುಮಾನ ಪಡಬೇಕು.

ಆದರೆ ಅನುಮಾನಪಟ್ಟ ಮಾತ್ರಕ್ಕೆ ಮಿತಿ ಅಳಿಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೆಲಿಗ್ಮನ್ ಮತ್ತು ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧ, ಕ್ರೂರವೂ ಹೌದು. ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಆಘಾತ ಅನುಭವಿಸಿದ ನಾಯಿಗಳಲ್ಲಿ ಬಹಳಷ್ಟು, ಮುಂದೆ ಒಂದು ಗಿಡ್ಡ ತಡೆಯನ್ನು ಹಾರಿದರೆ ಸಾಕಿದ್ದಾಗಲೂ ಸುಮ್ಮನೆ ಬಿದ್ದುಕೊಂಡವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದರು. ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಹೊಸ ಸಂಶೋಧನೆಗಳನ್ನು ಮುಂದಿಟ್ಟು ತಮ್ಮ ಸಿದ್ಧಾಂತವನ್ನೇ ತಿರುಗಿಸಿದರು: ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಪ್ರಾಣಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ಪರಿಸ್ಥಿತಿ ತನ್ನ ಕೈಯಲ್ಲಿದೆ ಎಂಬುದನ್ನು. ಆ ನಾಯಿಗಳಿಗೂ ಕಲಿಸಿದ್ದು ಉಪದೇಶದಿಂದಲ್ಲ. ಪಟ್ಟಿ ಹಿಡಿದು ಮತ್ತೆ ಮತ್ತೆ ಆಚೆಗೆ ಎಳೆದು ದಾಟಿಸಿದ ಮೇಲೆ ತಾವಾಗಿ ಹಾರಿದವು.

ನಾಯಿಯ ಪ್ರಯೋಗವನ್ನು ಮನುಷ್ಯರ ಬದುಕಿಗೆ ಹಾಗೆಯೇ ಅಂಟಿಸುವುದು ಸಲ್ಲ. ಆದರೂ ದಾಟಿದ ಅನುಭವ ಮೊದಲು, ದಾಟಬಲ್ಲೆನೆಂಬ ನಂಬಿಕೆ ಆಮೇಲೆ ಎಂಬ ಕ್ರಮ ನನಗೆ ಒಪ್ಪಿಗೆಯಾಗುತ್ತದೆ. ಭಾಷಣಕಾರರು ಇದನ್ನು ತಲೆಕೆಳಗಾಗಿಸಿ ಮಾರುತ್ತಾರೆ.

ನಿಮ್ಮ ಮನೆಯಲ್ಲಿ ‘ನನಗೇನೂ ಬೇಡ, ನೀವು ಹೋಗಿಬನ್ನಿ’ ಎನ್ನುವವರಿದ್ದರೆ ಅವರಿಗೆ ಆತ್ಮವಿಶ್ವಾಸದ ಪಾಠ ಹೇಳಬೇಡಿ. ಹೋಗಿಬರುವ ಖರ್ಚನ್ನು ಅವರ ಕೈಗೆ ಕೊಡಿ, ಆ ಎರಡು ದಿನ ಅಡುಗೆಮನೆಯನ್ನು ನೀವು ವಹಿಸಿಕೊಳ್ಳಿ. ಆಮೇಲೂ ಬೇಡವೆಂದರೆ, ಆ ಮಾತು ಅವರದೇ ಎಂದು ನಂಬಿ.