ಮುಟ್ಟಿ ಓದುವುದು

ಒಂದು ಕಾದಂಬರಿ ಚೆನ್ನಾಗಿಲ್ಲ ಎಂದು ಹೇಳಲು ನಾನು ಯಾರು? ಈ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಕೇಳುತ್ತಿರುವವನು ನಾನೇ ಆದ್ದರಿಂದ ಜಗಳ ಎರಡು ವರ್ಷವಾದರೂ ಮುಗಿದಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಮನೆಯಲ್ಲಿ ಪುಸ್ತಕ ಹಿಡಿದು ಕೂತರೆ ಅವ್ವ ಈಗಲೂ, 'ಇನ್ನೂವಿ ಪರೀಕ್ಷ ಮುಗ್ದಿಲ್ವಾ ಮಗ?' ಅಂತಾಳೆ. ಸುಮ್ಮನೆ ಒಂದು ಕಾದಂಬರಿ ಓದಿ, ಅದರ ಮೇಲೆ ನಾಲ್ಕು ಪುಟ ಬರೆದು, ಅದಕ್ಕೆ ಮೂರು ಕಾಸೂ ಹುಟ್ಟುವುದಿಲ್ಲ ಎಂದು ಅವಳಿಗೆ ಹೇಗೆ ವಿವರಿಸಲಿ? ನನ್ನ ವಿಮರ್ಶೆಗಳೆಲ್ಲ ನಂಜನಗೂಡು–ಮೈಸೂರು ಬಸ್ಸಿನಲ್ಲಿ ಹುಟ್ಟಿದವು. ಸೀಟು ಸಿಕ್ಕ ದಿನ ಇಪ್ಪತ್ತು ಪುಟ, ಸಿಗದ ದಿನ ಸೊನ್ನೆ. ಬೆಲೆ ಮುನ್ನೂರು ರೂಪಾಯಿ ದಾಟಿದ ಪುಸ್ತಕವಾದರೆ ಗೌರವ ಪ್ರತಿಗೆ ಕಾಯಬೇಕು. ಗೌರವ ಪ್ರತಿ ಬಂತು ಅಂದರೆ ಅದರ ಬೆನ್ನ ಹಿಂದೆಯೇ ಫೋನು: 'ಓದಿದ್ರಾ? ಏನನ್ನಿಸ್ತು?' ಮೂರನೆಯ ಫೋನು ಬರುವ ಹೊತ್ತಿಗೆ, ಅನ್ನಿಸಿದ್ದನ್ನು ಹೇಳುವ ಶಕ್ತಿ ಅರ್ಧ ಕರಗಿರುತ್ತದೆ. ಉಂಡ ಮನೆಯ ಸಾರಿಗೆ ಉಪ್ಪು ಸಾಲದು ಅನ್ನುವುದು ಹೇಗೆ?

ಇವೆಲ್ಲ ಸಣ್ಣ ಕಷ್ಟ. ಹೇಳಬೇಕಾದ್ದು ಬೇರೆ ಇದೆ.

ಎರಡು ವರ್ಷದ ಹಿಂದೆ ನನ್ನ ಗೆಳೆಯನೊಬ್ಬನ ಮೊದಲ ಕಾದಂಬರಿ ಬಂತು. ಪಕ್ಕದೂರಿನವನು, ನಮ್ಮವನೇ. ಅವನವ್ವ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕೊಟ್ಟ ದುಡ್ಡಲ್ಲಿ ಐನೂರು ಪ್ರತಿ ಅಚ್ಚಾಯಿತು. ಓದಿದೆ. ಮೊದಲ ಅರವತ್ತು ಪುಟ ನಿಜಕ್ಕೂ ಉಸಿರು ಹಿಡಿದು ಓದಿಸಿಕೊಂಡವು. ಆಮೇಲೆ ಕಥಾನಾಯಕನ ತಂಗಿ, ಅಲ್ಲಿಯವರೆಗೆ ಪುಟಪುಟದಲ್ಲೂ ಮಾತಾಡುತ್ತಿದ್ದ ಹುಡುಗಿ, ಒಂದೇ ಪ್ಯಾರಾದಲ್ಲಿ ಕೆರೆಗೆ ಬಿದ್ದು ಸಾಯುತ್ತಾಳೆ. ಅಣ್ಣನಿಗೆ ಸಿಟ್ಟು ಬರಬೇಕಾಗಿತ್ತು, ಅದಕ್ಕೆ ಅವಳು ಸಾಯಬೇಕಾಗಿತ್ತು. ಅಲ್ಲಿಂದ ಮುಂದೆ ಬರೀ ಭಾಷಣ. ನನಗೆ ಅದು ಕಂಡಿತು. ಕಂಡಿದ್ದನ್ನು ಬರೆಯಲಿಲ್ಲ. 'ನೆತ್ತರಲ್ಲಿ ಅದ್ದಿ ಬರೆದ ಕೃತಿ' ಎಂದು ಬರೆದೆ. ಓದದೆಯೂ ಬರೆಯಬಹುದಾಗಿದ್ದ ಮಾತು.

ಯಾಕೆ ಹಾಗೆ ಮಾಡಿದೆ? ಆಗ ನನ್ನ ಹತ್ತಿರ ವಾದವಿತ್ತು. 'ಇವರಿಗೆ ಬರೆಯಲು ಬರುವುದಿಲ್ಲ' ಎಂದು ಹೇಳಲು ಕಾದು ಕೂತವರು ಇರುವಾಗ, ಅವರ ಕೈಗೆ ನಾವೇ ಕೋಲು ಕೊಡುವುದೇ? ಸಂಘದ ಸಾಲ ಇನ್ನೂ ತೀರದ ಪುಸ್ತಕದ ಮೇಲೆ ಕಲ್ಲು ಎಸೆಯುವುದೇ? ಈ ವಾದ ಪೊಳ್ಳು ಎಂದು ನಾನು ಈಗಲೂ ಹೇಳಲಾರೆ. ಅದರಲ್ಲಿ ನೋವಿದೆ, ನಿಜವೂ ಇದೆ.

ಆದರೆ ಗೆಳೆಯರೆ, ಕನ್ನಡ ಪುಸ್ತಕ ಹೀಗಿದೆ ಎಂದು ತೀರ್ಪು ಹೇಳುವ ಹಕ್ಕು ನಮಗೆ ಪುಕ್ಕಟೆ ಬಂದದ್ದಲ್ಲ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಒಂದೇ ಸಾಲಿನ ವಿಮರ್ಶೆ. (ಹಸು ಕಟ್ಟಿದ ನಮ್ಮ ಮನೆಯಲ್ಲಿ ಬೂಸಾ ಬೈಗುಳವಲ್ಲ, ಅದರ ಬೆಲೆ ಅವ್ವನಿಗೆ ಗೊತ್ತು. ಅದು ಬೇರೆ ಮಾತು.) ಆ ಒಂದು ಸಾಲಿಗೆ ಅವರ ಮಂತ್ರಿ ಪದವಿ ಹೋಯಿತು, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರು ಹೊಡೆತ ತಿಂದರು. ಅದೇ ಮಾತನ್ನು ಬೇರೆ ಜಾತಿಯ ಪಂಡಿತನೊಬ್ಬ ಹೇಳಿದ್ದರೆ ಅದರ ಮೇಲೊಂದು ವಿಚಾರ ಸಂಕಿರಣ ನಡೆಯುತ್ತಿತ್ತೇನೋ. ಅಷ್ಟು ಬೆಲೆ ತೆತ್ತು ಪಡೆದ ನಾಲಿಗೆಯನ್ನು ನಾನು ಸುಳ್ಳು ಹೊಗಳಿಕೆಗೆ ಬಳಸಿದೆ.

ಹೊಗಳಿಕೆಯ ಬಗ್ಗೆ ಇನ್ನೊಂದು ಮಾತು. ನಮ್ಮವರ ಪುಸ್ತಕಗಳಿಗೆ ದೊಡ್ಡವರು ಬರೆಯುವ ಮುನ್ನುಡಿ, ಬೆನ್ನುಡಿಗಳನ್ನು ನೋಡಿ. 'ಅನುಭವದ ದಟ್ಟತೆ', 'ಕಸುವು', 'ಸಾಚಾತನ'. ವಾಕ್ಯ ಹೇಗಿದೆ, ಕಥೆ ಎಲ್ಲಿ ಕುಂಟಿದೆ, ಯಾವ ಪಾತ್ರ ಅರ್ಧಕ್ಕೆ ಕೈಬಿಟ್ಟಿದೆ, ಇದರ ಮಾತೇ ಇಲ್ಲ. ನನ್ನ ತಾತ ಹೋಟಲಿನ ಹೊರಗೆ ಬೊಗಸೆ ಒಡ್ಡಿ ಕೂತಾಗ ಮೇಲಿನಿಂದ ನೀರು ಹುಯ್ಯುತ್ತಿದ್ದರಂತೆ. ನೀರೇನೋ ಸಿಗುತ್ತಿತ್ತು, ಚೊಂಬು ಮಾತ್ರ ತಾಗಬಾರದು. ಈ ಬೆನ್ನುಡಿಗಳೂ ಹಾಗೆಯೇ, ಪುಸ್ತಕವನ್ನು ಮುಟ್ಟದೆ ಮೇಲಿನಿಂದ ಹುಯ್ದ ಹೊಗಳಿಕೆ. ಇದನ್ನು ಕಂಡು ನನಗೆ ಮೈಯುರಿಯುತ್ತದೆ. ಗೆಳೆಯನ ಪುಸ್ತಕಕ್ಕೆ ನಾನು ಹುಯ್ದದ್ದೂ ಅದನ್ನೇ ಎಂಬುದು ಹೊಳೆಯಲು ತಿಂಗಳುಗಳು ಬೇಕಾದವು.

ಹೊಳೆಯಿಸಿದವಳು ನಮ್ಮ ಕೇರಿಯ ಒಂದು ಹುಡುಗಿ. ಬಿ.ಎ. ಓದುತ್ತಾಳೆ. ನನ್ನ ಲೇಖನ ನೋಡಿ ಕಾದಂಬರಿ ಇಸಕೊಂಡು ಹೋದವಳು ವಾರ ಬಿಟ್ಟು ಬಂದಳು. 'ಅಣ್ಣ, ಆ ಹುಡುಗಿ ಯಾಕ್ ಸತ್ಲು? ನೀವು ಅದ್ನ ಕೇಳ್ನೇ ಇಲ್ವಲ್ಲ' ಅಂದಳು. ನಾನು ಏನೋ ಹೇಳಿ ತಪ್ಪಿಸಿಕೊಂಡೆ.

ಆ ರಾತ್ರಿ ನನಗೆ ನೆನಪಾದದ್ದು ಅನಂತಮೂರ್ತಿಯವರ 'ಸಂಸ್ಕಾರ'. 1965ರ ಕಾದಂಬರಿ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಶಾಸ್ತ್ರವೆಲ್ಲ ಹುಡುಕುತ್ತಾರೆ. ಅದೇ ಪ್ಲೇಗು ಹೊಲಗೇರಿಗೂ ನುಗ್ಗಿದೆ. ಅಲ್ಲಿ ಸತ್ತವರನ್ನು ಗುಡಿಸಲೊಳಗೇ ಬಿಟ್ಟು ಗುಡಿಸಲಿಗೆ ಬೆಂಕಿ ಇಡುತ್ತಾರೆ. ಆ ಹೆಣಗಳಿಗೆ ಯಾವ ಶಾಸ್ತ್ರದ ತೊಡಕೂ ಇಲ್ಲ, ಕಥೆಯೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಾಲೇಜಿನಲ್ಲಿ ಎದ್ದು ನಿಂತು, ಕಾದಂಬರಿ ಅಲ್ಲಿ ಯಾಕೆ ನಿಲ್ಲಲಿಲ್ಲ ಸಾರ್ ಎಂದು ಕೇಳಿದ್ದೆ. 'ಅದು ಕಾದಂಬರಿಯ ಕೇಂದ್ರ ಅಲ್ಲಪ್ಪ' ಅಂದರು ಮೇಷ್ಟರು. ಕೇಂದ್ರ ಯಾವುದೆಂದು ಗೆರೆ ಎಳೆದವರು ಯಾರು ಎಂದು ಹಾಸ್ಟೆಲಿನಲ್ಲಿ ನಡುರಾತ್ರಿವರೆಗೂ ಕೂಗಾಡಿದ್ದೆ. ಅದು ನಾನು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಎಂಬ ಹೆಮ್ಮೆ ನನಗಿತ್ತು.

ಕೊನೆಗೆ ಗೆಳೆಯನನ್ನು ಟೀ ಅಂಗಡಿಗೆ ಕರೆದು, ನಿನ್ನ ಪುಸ್ತಕದಲ್ಲಿ ಆ ಹುಡುಗಿಯನ್ನು ಹಾಗೆ ಕೊಂದದ್ದು ಸರಿಯಿಲ್ಲ ಎಂದೆ. ಅವನು ಲೋಟ ಕೆಳಗಿಟ್ಟ. 'ಅದು ಕಾದಂಬರಿಯ ಕೇಂದ್ರ ಅಲ್ಲ ಕಣೋ' ಅಂದ. ನಾಲ್ಕು ತಿಂಗಳು ನನ್ನೊಡನೆ ಮಾತು ಬಿಟ್ಟ. ಅವನ ಸಿಟ್ಟೂ ನ್ಯಾಯವೇ. ಹೊಗಳಿದ್ದು ಅಚ್ಚಿನಲ್ಲಿ, ತೆಗಳಿದ್ದು ಟೀ ಅಂಗಡಿಯಲ್ಲಿ. ಇದು ಯಾವ ಸೀಮೆಯ ವಿಮರ್ಶೆ?

ನಾನು ಯಾರು ಎಂಬ ಮೊದಲ ಪ್ರಶ್ನೆ ಇನ್ನೂ ಉಳಿದಿದೆಯಲ್ಲ. ಅದಕ್ಕೆ ಸ್ವಲ್ಪ ದಾರಿ ತೋರಿದವಳು ಅಕ್ಷರ ಬಾರದ ಅವ್ವ. ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಭಾಷೆ ಕಷ್ಟ ಎಂದು ಓದು ಬಲ್ಲವರೇ ಹೇಳುವುದನ್ನು ಕೇಳಿದ್ದೇನೆ. ಒಂದು ಸಂಜೆ ಅವ್ವ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಜೋರಾಗಿ ಓದಿದೆ. ನಾನು ಅರ್ಥ ಮಾಡಿಕೊಳ್ಳುವ ಮೊದಲೇ ಅವಳು ನಕ್ಕಳು. 'ಯಾರ್ಲಾ ಇದು ನಮ್ ಮಾತ್ನ ಬುಕ್ನಲ್ಲಿ ಬರ್ದಿರದು?' ಅಂದಳು. ಸ್ವಲ್ಪ ಹೊತ್ತಾದ ಮೇಲೆ ಕೈ ನಿಲ್ಲಿಸಿ, 'ಅಲ್ಲಿ ಹಂಗನ್ನಲ್ಲ ಕನಾ ನಾವು' ಎಂದು ಒಂದು ಮಾತನ್ನು ತಿದ್ದಿದಳು. ಅವಳಿಗೆ ಅಕಾಡೆಮಿ ಗೊತ್ತಿಲ್ಲ. ತನ್ನ ಮಾತು, ತಾನು ತಿದ್ದಿದಳು. ನಕ್ಕದ್ದು ನಿಜ, ತಿದ್ದಿದ್ದೂ ನಿಜ. ಎರಡಕ್ಕೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈಗ ಗೆಳೆಯನ ಎರಡನೆಯ ಕಾದಂಬರಿ ನನ್ನ ಚೀಲದಲ್ಲಿದೆ. ಗೌರವ ಪ್ರತಿಯೇ. ಒಳಗೆ 'ನೋಡಿ ಬರಿ' ಎಂದಷ್ಟೇ ಬರೆದಿದ್ದಾನೆ. ಬೆದರಿಕೆಯೋ, ಬೇಡಿಕೆಯೋ, ನನಗೆ ತಿಳಿಯದು. ಮೂವತ್ತನೆಯ ಪುಟದಲ್ಲಿ ಮುದುಕಿಯೊಬ್ಬಳು ಹರಿದ ರೇಷನ್ ಕಾರ್ಡಿಗೆ ಅನ್ನದ ಅಗುಳು ಹಚ್ಚಿ ಅಂಟಿಸುವ ಸಂದರ್ಭವಿದೆ. ಎರಡು ಸಲ ಓದಿ ಪಕ್ಕದಲ್ಲಿ ಗೆರೆ ಎಳೆದೆ, ಅಷ್ಟು ಚೆನ್ನಾಗಿದೆ. ನಿನ್ನೆ ಬಸ್ಸು ಊರು ಮುಟ್ಟುವ ಹೊತ್ತಿಗೆ ತೊಂಬತ್ತೊಂದನೆಯ ಪುಟಕ್ಕೆ ಬಂದಿದ್ದೆ. ಅಲ್ಲಿ ಒಬ್ಬಳು ಹುಡುಗಿ ಸಂಜೆ ಹೊತ್ತಲ್ಲಿ ಒಬ್ಬಳೇ ಕೆರೆ ಕಡೆ ಹೊರಟಿದ್ದಾಳೆ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿ ಪುಟ ಮಡಿಸಿದ್ದೇನೆ. ನಾಳೆ ಸೀಟು ಸಿಕ್ಕರೆ ಮುಂದಿನದು ಓದುತ್ತೇನೆ.