ಹಸಿರಿಗೂ ಒಂದು ಅಂಕಪಟ್ಟಿ



ಯೂಕ್ಯಾಸ್ ಅರ್ಜಿ ಹಾಕುವ ಕಾಲ ಬಂತೆಂದರೆ ನಮ್ಮ ಸಂಘದ ಮನೆಗಳಲ್ಲಿ ಊಟದ ಮೇಜಿನ ಮೇಲೆ ಪಾತ್ರೆಗಳಿಗಿಂತ ವಿಶ್ವವಿದ್ಯಾಲಯಗಳ ಬಣ್ಣದ ಪುಸ್ತಕಗಳೇ ಹೆಚ್ಚು. ಈಚೆಗೆ ಅಂಥ ಒಂದು ಮನೆಗೆ ಊಟಕ್ಕೆ ಹೋಗಿದ್ದಾಗ ನಡೆದ ಮಾತುಕತೆಯೇ ಈ ಬರಹಕ್ಕೆ ಕಾರಣ. (ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಮಾತ್ರ ಹೇಳುವುದಿಲ್ಲ.) ಅಪ್ಪನಿಗೆ ಬಹಳ ಹಿಡಿಸಿದ್ದ, ಹೆಸರುವಾಸಿಯಾದ ಒಂದು ವಿಶ್ವವಿದ್ಯಾಲಯವನ್ನು ಮಗಳು ತನ್ನ ಐದರ ಪಟ್ಟಿಯಿಂದ ತೆಗೆದುಹಾಕಿದ್ದಳು. ಪರಿಸರದ ವಿಷಯದಲ್ಲಿ ಅದಕ್ಕೆ ಥರ್ಡ್ ಕ್ಲಾಸ್ ಬಂದಿದೆಯಂತೆ.

"ಡಿಗ್ರಿ ಕೊಡೋದು ಅಲ್ಲಿರೋ ಪ್ರೊಫೆಸರುಗಳು ಪುಟ್ಟಿ, ಅಲ್ಲಿರೋ ಮರಗಳಲ್ಲ" ಎಂದರು ಅಪ್ಪ.

"ಅಪ್ಪಾ, ನೀವು ನೋಡ್ತಿರೋದೂ ಒಂದು ಪಟ್ಟಿ, ನಾನು ನೋಡ್ತಿರೋದೂ ಒಂದು ಪಟ್ಟಿ. ನಿಮ್ಮ ಪಟ್ಟಿ ಮಾತ್ರ ಸತ್ಯ ಅಂತ ಹೇಗೆ ಹೇಳ್ತೀರಿ?"

ಅಪ್ಪ ಉತ್ತರ ಕೊಡದೆ ಮೊಸರನ್ನಕ್ಕೆ ಕೈ ಹಾಕಿದರು. ನಮಗೂ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಇದೇ ಮಾತು, ಆಮೇಲೆ ಹಲವು ದಿನ ಇದೇ ಯೋಚನೆ.

ಆ ಹುಡುಗಿ ಹೇಳಿದ ಪಟ್ಟಿ 2007ರಲ್ಲಿ ಶುರುವಾದದ್ದು. ಪೀಪಲ್ ಅಂಡ್ ಪ್ಲಾನೆಟ್ ಎಂಬ ವಿದ್ಯಾರ್ಥಿಗಳ ಸಂಘಟನೆ ಈ ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಪರಿಸರದ ವಿಷಯದಲ್ಲಿ ಅಂಕ ಹಾಕಿ, ಪದವಿ ಪರೀಕ್ಷೆಯ ರೀತಿಯಲ್ಲೇ ಫಸ್ಟ್ ಕ್ಲಾಸ್, ಸೆಕೆಂಡಿನಲ್ಲಿ ಮೇಲಿನದು, ಕೆಳಗಿನದು, ಥರ್ಡ್, ಕೊನೆಗೆ ಫೇಲು ಎಂದು ವಿಂಗಡಿಸುತ್ತದೆ. ನೂರಾರು ವರ್ಷಗಳಿಂದ ಹುಡುಗರಿಗೆ ಅಂಕ ಹಾಕುತ್ತ ಕುಳಿತವರಿಗೆ ಹುಡುಗರೇ ಅಂಕ ಹಾಕಿದರು! ಆ ಚೇಷ್ಟೆ ನಮಗೆ ಬಹಳ ಇಷ್ಟವಾಯಿತು. ಕೇಳುವ ಪ್ರಶ್ನೆಗಳೂ ಬರೀ ಗಿಡ ಮರಗಳದ್ದಲ್ಲ. ನಿಮ್ಮ ನಿಧಿಯ ಹಣ ಯಾವ ಕಂಪನಿಗಳಲ್ಲಿದೆ, ಕೆಲಸಗಾರರ ಹಕ್ಕುಗಳ ಗತಿಯೇನು, ಅಡುಗೆಮನೆಗೆ ಸಾಮಾನು ಎಲ್ಲಿಂದ ಬರುತ್ತದೆ ಎಂದೆಲ್ಲ ಕೇಳುತ್ತಾರೆ.

ರ‍್ಯಾಂಕಿನ ಮೋಹದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರ‍್ಯಾಂಕ್ ಬಂದವರ ಫೋಟೋ ಪತ್ರಿಕೆಯಲ್ಲಿ ನೋಡುತ್ತ ಬೆಳೆದವರು ನಾವು. ಫೋಟೋದಲ್ಲಿ ಆ ಹುಡುಗನ ಬಾಯಿಗೆ ಅವರಮ್ಮ ಪೇಡ ತುರುಕುತ್ತಿರುವಾಗ, ನಮ್ಮಮ್ಮ ನಮ್ಮನ್ನು ನೋಡುತ್ತಿದ್ದ ನೋಟ ಇನ್ನೂ ಮರೆತಿಲ್ಲ. ಆದ್ದರಿಂದ ಹಸಿರಿಗೂ ರ‍್ಯಾಂಕ್ ಎಂದಾಗ ಮೊದಲು ನಗು ಬಂತು. ಮೊದಲನೆಯದು ಯಾವುದೆಂದು ಹುಡುಕುವ ಆಸೆಯೂ ಅದರ ಹಿಂದೆಯೇ ಬಂತು.

ಹುಡುಕಿದರೆ ಮೊದಲನೆಯದು ಒಂದಲ್ಲ. 2022ನೇ ಇಸವಿಯನ್ನೇ ತೆಗೆದುಕೊಳ್ಳಿ. ಇಂಡೋನೇಷ್ಯಾ ವಿಶ್ವವಿದ್ಯಾಲಯ 2010ರಿಂದ ಹೊರಡಿಸುತ್ತಿರುವ ಗ್ರೀನ್‌ಮೆಟ್ರಿಕ್ ಪಟ್ಟಿಯಲ್ಲಿ ಆ ವರ್ಷ ಹಾಲೆಂಡಿನ ವಾಗನಿಂಗನ್ ಮೊದಲು. ಟೈಮ್ಸ್ ಹೈಯರ್ ಎಜುಕೇಷನ್ನಿನವರ ಇಂಪ್ಯಾಕ್ಟ್ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ವೆಸ್ಟರ್ನ್ ಸಿಡ್ನಿ ಮೊದಲು. ಕ್ಯೂಎಸ್‌ನವರು ಅದೇ ವರ್ಷ ಮೊಟ್ಟಮೊದಲ ಬಾರಿಗೆ ತಂದ ಪಟ್ಟಿಯಲ್ಲಿ ಅಮೆರಿಕದ ಬರ್ಕ್ಲಿ ಮೊದಲು. ಮೂರು ಪಟ್ಟಿ, ಮೂರು ಖಂಡ, ಮೂವರು ಮೊದಲಿಗರು. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರು ಎಣಿಸಿದ್ದು ಬೇರೆ ಬೇರೆ, ಅಷ್ಟೆ. ಗ್ರೀನ್‌ಮೆಟ್ರಿಕ್ಕಿನಲ್ಲಿ ಕಾಡು, ಹುಲ್ಲುಗಾವಲು, ಬಯಲು ಎಷ್ಟಿದೆ ಎಂಬುದಕ್ಕೂ ಅಂಕವಿದೆ. ಊರ ಹೊರಗೆ ನೂರಾರು ಎಕರೆಯಲ್ಲಿ ಹರಡಿಕೊಂಡವರಿಗೆ ಅದು ಅನುಕೂಲ. ಲಂಡನ್ನಿನ ಗಲ್ಲಿಯಲ್ಲಿ ನಾಲ್ಕು ಕಟ್ಟಡ ಇಟ್ಟುಕೊಂಡವರು ಕಾಡು ಎಲ್ಲಿಂದ ತರಬೇಕು? ಆದರೆ ಆ ನಾಲ್ಕು ಕಟ್ಟಡಕ್ಕೆ ಎಲ್ಲರೂ ಟ್ಯೂಬ್ ರೈಲಿನಲ್ಲಿ ಬರುತ್ತಾರೆ, ನೂರಾರು ಎಕರೆಯವರಲ್ಲಿಗೆ ಕಾರಿನಲ್ಲಿ.

ಇದನ್ನೆಲ್ಲ ತೂಕ ಹಾಕುವವರ ತೊಂದರೆ ಎಂದು ಬಿಟ್ಟುಬಿಡಬಹುದು. ನಮ್ಮನ್ನು ಕೊರೆಯುತ್ತಿರುವುದು ಬೇಲಿಯ ಪ್ರಶ್ನೆ. ಅಂಕ ಹಾಕಬೇಕಾದರೆ ಎಲ್ಲೋ ಒಂದು ಕಡೆ ಗೆರೆ ಎಳೆದು, ಇಲ್ಲಿಯವರೆಗೆ ನಿನ್ನದು, ಆಚೆಯದು ನಿನ್ನದಲ್ಲ ಎನ್ನಲೇಬೇಕು. 2010ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆಲ್ಲ ಸೇರಿ ಒಂದು ಗುರಿ ಗೊತ್ತುಮಾಡಿದರು. 2005ರಲ್ಲಿ ಎಷ್ಟು ಇಂಗಾಲವನ್ನು ಗಾಳಿಗೆ ಬಿಡುತ್ತಿದ್ದಿರೋ ಅದರಲ್ಲಿ ನೂರಕ್ಕೆ 43ರಷ್ಟನ್ನು 2020ರೊಳಗೆ ಇಳಿಸಬೇಕು ಎಂದು. ಲೆಕ್ಕಕ್ಕೆ ಬಂದದ್ದು ಅವರೇ ಸುಟ್ಟ ಇಂಧನ ಮತ್ತು ಅವರು ಕೊಂಡ ವಿದ್ಯುತ್ತು. ಕೊಂಡ ಸಾಮಾನು, ಹತ್ತಿದ ವಿಮಾನ ಆ ಗುರಿಯ ಲೆಕ್ಕದಲ್ಲಿರಲಿಲ್ಲ.

ವಿದ್ಯುತ್ತಿನ ಮಾತು ಬಂದದ್ದರಿಂದ ಹೇಳುತ್ತೇವೆ. ನಾವು ಈಸ್ಟ್ ಮಿಡ್‌ಲ್ಯಾಂಡ್ಸ್‌ನವರಿಗೆ ರಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ ಎಂಟು ದೊಡ್ಡ ಗೋಪುರಗಳು ಮನೆಯ ಗುರುತಿನಂತೆ. ಹೀಥ್ರೋದಿಂದ ಬರುವಾಗ ಅವು ಕಂಡರೆ ಮಕ್ಕಳು "ಬಂತು, ಬಂತು" ಎಂದು ಕೂಗುತ್ತಿದ್ದರು. 2024ರ ಸೆಪ್ಟೆಂಬರ್ 30ರಂದು ಆ ಸ್ಥಾವರ ನಿಂತಿತು. ಈ ದೇಶದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ತೆಗೆಯುವ ಕೊನೆಯ ಜಾಗ ಅದು. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕಲ್ಲಿದ್ದಲಿನದು, ಹನ್ನೆರಡು ವರ್ಷದಲ್ಲಿ ಸೊನ್ನೆ. ಹೀಗಾದಾಗ ಏನೂ ಮಾಡದೆ ಸುಮ್ಮನೆ ದೀಪ ಹಾಕಿಕೊಂಡು ಕುಳಿತ ವಿಶ್ವವಿದ್ಯಾಲಯದ ಲೆಕ್ಕವೂ ತಾನಾಗಿ ಇಳಿಯಿತು. ಹಗಲೂ ರಾತ್ರಿ ಕಿಟಕಿಯ ಸಂದು ಮುಚ್ಚಿ, ಹಳೆಯ ಬಾಯ್ಲರ್ ಕಿತ್ತು ಹಾಕಿದವರ ಲೆಕ್ಕವೂ ಇಳಿಯಿತು. ಅಂಕದಲ್ಲಿ ಎಷ್ಟು ಪಾಲು ಶ್ರಮದ್ದು, ಎಷ್ಟು ಪಾಲು ಅದೃಷ್ಟದ್ದು ಎಂದು ಹೇಳುವವರು ಯಾರು?

ನಾಟಿಂಗ್‌ಹ್ಯಾಮಿನ ಜುಬಿಲಿ ಕ್ಯಾಂಪಸ್ ನೋಡದವರು ನಮ್ಮಲ್ಲಿ ಕಡಿಮೆ. ಕೊಳ, ಬಾತುಕೋಳಿ, ಮರದ ಹಲಗೆಯ ಕಟ್ಟಡಗಳು. ಬೇಸಿಗೆಯಲ್ಲಿ ಊರಿನಿಂದ ತಂದೆ ತಾಯಿ ಬಂದರೆ ನಾವು ಅಲ್ಲಿಗೇ ಕರೆದುಕೊಂಡು ಹೋಗುವುದು. 1999ರಲ್ಲಿ ಅದು ಎದ್ದು ನಿಂತದ್ದು ರ‍್ಯಾಲಿ ಸೈಕಲ್ ಕಾರ್ಖಾನೆಯ ಜಾಗದಲ್ಲಿ. ನಮ್ಮೂರಿನ ಮೇಷ್ಟರು ದಿನಾ ಒರೆಸಿ, ಮಗುವಿನಂತೆ ನೋಡಿಕೊಳ್ಳುತ್ತಿದ್ದ ಅದೇ ರ‍್ಯಾಲಿ! 2002ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ತಯಾರಿಕೆ ನಿಂತಿತು, ಆ ಕೆಲಸ ಏಷ್ಯಾ ಕಡೆಗೆ ಹೋಯಿತು. ಹೊಗೆಯ ಕೆಲಸ ಆ ಕಡೆ, ಕೊಳ ಈ ಕಡೆ. 2011ರ ಗ್ರೀನ್‌ಮೆಟ್ರಿಕ್ಕಿನಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಜಗತ್ತಿಗೇ ಮೊದಲು ಬಂದಾಗ ನಾವೂ ಹೆಮ್ಮೆಪಟ್ಟೆವು, ಈಗಲೂ ಪಡುತ್ತೇವೆ. ಇದರಲ್ಲಿ ವಿಶ್ವವಿದ್ಯಾಲಯದ ತಪ್ಪೇನೂ ಇಲ್ಲ, ಪಾಳುಬೀಳುವ ಜಾಗವನ್ನು ಚೆಂದ ಮಾಡಿದ್ದಾರೆ. ಆದರೆ ಈಗ ಅಲ್ಲಿನ ಹುಡುಗರು ಕ್ಲಾಸಿಗೆ ತುಳಿದುಕೊಂಡು ಬರುವ ಸೈಕಲ್ಲು ಎಲ್ಲಿಯದೋ. ಅದನ್ನು ಮಾಡಿದ ಊರಿನ ಗಾಳಿ ಯಾವ ಪಟ್ಟಿಯಲ್ಲಿ ಬರುತ್ತದೆ?

ಬೇಲಿಯ ಆಚೆಗಿನ ಲೆಕ್ಕದಲ್ಲಿ ನಾವೂ ಇದ್ದೇವೆ. ಇಲ್ಲಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು ಹದಿನಾರು ಸಾವಿರ ಕಿಲೋಮೀಟರು, ತಲೆಗೆ ಒಂದು ಟನ್ನಿಗೂ ಹೆಚ್ಚು ಇಂಗಾಲ. ನಾಲ್ವರ ಸಂಸಾರ ಒಂದು ಸಲ ಊರಿಗೆ ಹೋಗಿ ಬಂದರೆ, ಇಡೀ ವರ್ಷ ಮನೆ ಬೆಚ್ಚಗಿಡಲು ಸುಡುವ ಗ್ಯಾಸನ್ನು ಮೀರಿಸುತ್ತದೆ. ಹಾಗೆಂದು ವಯಸ್ಸಾದ ಅಮ್ಮನನ್ನು ನೋಡಲು ಹೋಗದೆ ಇರುವುದೇ? ಹೋಗುವುದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಲೆಕ್ಕದಲ್ಲೇ ಇಲ್ಲವೆಂದು ನಟಿಸುವುದು ಮಾತ್ರ ಸರಿಕಾಣುವುದಿಲ್ಲ. ಪರದೇಶದಿಂದ ಬಂದು ಓದುವ ಮಕ್ಕಳ ವಿಮಾನದ ವಿಷಯವೂ ಇಷ್ಟೇ ಮುಜುಗರದ್ದು. ಅವರ ಫೀಸು ಬೇಲಿಯ ಒಳಗೆ, ಅವರ ಹೊಗೆ ಬೇಲಿಯ ಹೊರಗೆ.

ಈಗ ನಮ್ಮದೇ ಒಂದು ಕಥೆ. ಎರಡು ವರ್ಷದ ಹಿಂದೆ ಯುಗಾದಿ ಊಟದ ದಿನ ನಮ್ಮ ಸಮಿತಿಯವರು ಒಂದು ಪಂದ್ಯ ಇಟ್ಟದ್ದು ನಿಮಗೆಲ್ಲ ನೆನಪಿರಬಹುದು. ಪ್ರತಿ ಮೇಜಿಗೂ ಒಂದು ಕಸದ ಚೀಲ, ಕೊನೆಯಲ್ಲಿ ತೂಕ, ಯಾರದು ಹಗುರವೋ ಅವರಿಗೆ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ. ಗೆದ್ದ ಮೇಜಿನವರು ಕಾಗದದ ತಟ್ಟೆಗಳನ್ನು ಮೆಲ್ಲಗೆ ಕಾರಿನ ಡಿಕ್ಕಿಗೆ ಸಾಗಿಸಿದ್ದರು ಎಂಬ ಗುಮಾನಿ ಇನ್ನೂ ಇದೆ. (ಆ ಮೇಜಿನಲ್ಲಿ ನಾವೂ ಇದ್ದೆವು. ಇನ್ನು ಹೆಚ್ಚು ಹೇಳುವುದಿಲ್ಲ.) ಅದು ತಮಾಷೆಯ ವಿಷಯ, ಹೋಗಲಿ. ತಮಾಷೆಯಲ್ಲದ್ದು ಇನ್ನೊಂದು ನಡೆಯಿತು. ಪ್ರತಿ ವರ್ಷ ಊಟ ಮುಗಿದ ಮೇಲೆ ನಾಲ್ಕಾರು ಹಿರಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಇಡೀ ಹಾಲಿನ ನೆಲದ ಮೇಲೆ ಬಿದ್ದದ್ದನ್ನೆಲ್ಲ ಎತ್ತುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಹೊಗಳಿರಲೂ ಇಲ್ಲ. ಆ ವರ್ಷ ಮೇಜುಗಳ ನಡುವೆ ಬಿದ್ದ ಕರವಸ್ತ್ರ, ಲೋಟ, ಬಾಳೆಹಣ್ಣಿನ ಸಿಪ್ಪೆ ಅಲ್ಲೇ ಬಿದ್ದಿದ್ದವು. ಎತ್ತಿದರೆ ಎತ್ತಿದವರ ಚೀಲ ಭಾರವಾಗುತ್ತದಲ್ಲ! ಒಬ್ಬ ಹಿರಿಯರು ಬಗ್ಗಿದಾಗ "ಬಿಡಿ ಅಕ್ಕ, ಅದು ನಮ್ಮ ಮೇಜಿಂದಲ್ಲ" ಎಂದವರೂ ನಮ್ಮವರೇ.

ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಹಿಂದಿನ ವರ್ಷ ಐದು ದೊಡ್ಡ ಕರಿ ಚೀಲ ಕಸವಾಗಿತ್ತು, ಪಂದ್ಯದ ವರ್ಷ ಮೂರು. ಮೂರು ಮನೆಯವರು ಅವತ್ತೇ ಮೊದಲ ಸಲ ಸ್ಟೀಲ್ ತಟ್ಟೆ ತಂದರು, ಈಗಲೂ ತರುತ್ತಾರೆ.

ಆಸೆಗೆ ಮಾಡಿದ ಒಳ್ಳೆಯ ಕೆಲಸ ಒಳ್ಳೆಯದೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಬರುತ್ತದೆ. ಫಲದ ಮೇಲೆ ಕಣ್ಣಿಡಬೇಡ ಎಂದು ಗೀತೆಯ ಹೆಸರಿನಲ್ಲಿ ನಮಗೆಲ್ಲ ಚಿಕ್ಕಂದಿನಿಂದ ಹೇಳಿದ್ದಾರೆ. ಹೇಳಿದ ದೇವಸ್ಥಾನದಲ್ಲೇ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು ಎಲ್ಲ ಬರೆದು, ಮಿಕ್ಕ ಸಂದಿನಲ್ಲಿ ಒಂದಿಷ್ಟು ಬೆಳಕು ಬೀಳುತ್ತಿತ್ತು. ನಕ್ಕಿದ್ದೇವೆ, ನಿಜ. ಆದರೆ ಆ ಬೆಳಕಿನಲ್ಲೇ ಪ್ರದಕ್ಷಿಣೆ ಹಾಕಿದ್ದೇವೆ, ಕಾಲು ಎಡವಲಿಲ್ಲ. ವಿಶ್ವವಿದ್ಯಾಲಯ ಕೀರ್ತಿಗಾಗಿ ಬಾಯ್ಲರ್ ಬದಲಿಸಿದರೆ ಗಾಳಿಗೆ ಬೇಕಾದದ್ದು ಬಾಯ್ಲರ್ ಬದಲಾಗುವುದು, ಉದ್ದೇಶ ಅಲ್ಲ. ಆದ್ದರಿಂದ ಉದ್ದೇಶ ಶುದ್ಧವಲ್ಲ ಎಂಬ ಆಕ್ಷೇಪ ನಮ್ಮದಲ್ಲ. ಹೆಸರು ಬೀಳದ ಕಡೆ ದೀಪವೇ ಇಲ್ಲದಂತಾಗುವುದು, ತೂಕಕ್ಕೆ ಬಾರದ ನೆಲವನ್ನು ಗುಡಿಸುವವರಿಲ್ಲದಂತಾಗುವುದು, ಅದು ನಮ್ಮ ಭಯ.

ಇನ್ನೊಂದು ಮಾತು. ಪೀಪಲ್ ಅಂಡ್ ಪ್ಲಾನೆಟ್ಟಿನ ಹುಡುಗರು ಪಟ್ಟಿ ಮಾಡಿದ್ದು ಕುಲಪತಿಗಳನ್ನು ಚುಚ್ಚುವುದಕ್ಕೆ. ಫೇಲಾದವರಿಗೆ ನಾಚಿಕೆಯಾಗಲಿ ಎಂದು. ಅದೇ ಪಟ್ಟಿ ಕೆಲವೇ ವರ್ಷದಲ್ಲಿ ಬಣ್ಣದ ಪುಸ್ತಕದ ಮೊದಲ ಪುಟಕ್ಕೆ ಬಂದು "ನಾವು ಫಸ್ಟ್ ಕ್ಲಾಸ್" ಎಂದು ಸಾರತೊಡಗಿತು. ಬೈಯಲು ಹುಟ್ಟಿದವನು ಹೊಗಳುಭಟ್ಟನಾದ ಹಾಗೆ. ವಿದ್ಯಾರ್ಥಿಯ ಕೈಯಲ್ಲಿದ್ದಾಗ ಕೋಲು, ಜಾಹೀರಾತಿನವರ ಕೈಯಲ್ಲಿ ಹೂಮಾಲೆ, ನಮ್ಮಂಥ ತಂದೆ ತಾಯಿಗಳ ಕೈಯಲ್ಲಿ ಕಣ್ಣುಪಟ್ಟಿ. ಪಟ್ಟಿ ನೋಡಿದೆವು, ಇನ್ನು ಹೋಗಿ ನೋಡಬೇಕಾದ್ದಿಲ್ಲ ಎಂದುಕೊಂಡುಬಿಡುತ್ತೇವೆ.

ಪಟ್ಟಿಯೇ ಇಲ್ಲದ ಕಾಲ ಚೆನ್ನಾಗಿತ್ತೆಂದು ಹೇಳೋಣವೆಂದರೆ ಅದೂ ಪೂರ್ತಿ ನಿಜವಲ್ಲ. ನಮ್ಮಲ್ಲಿ ಮೈಸೂರಿನಲ್ಲಿ ಓದಿದವರು ಹಲವರಿದ್ದಾರೆ. ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟ ಆ ಆವರಣಕ್ಕೆ ಅಂಟಿಕೊಂಡೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ. ಕೆರೆಯ ಏರಿಯ ಮೇಲೆ ನಡೆಯುತ್ತ ಪಾಠ ಉರುಹೊಡೆದ ನಮಗೆ ಹಸಿರು ಕ್ಯಾಂಪಸ್ ಎಂಬ ಮಾತೇ ಗೊತ್ತಿರಲಿಲ್ಲ. ಹೆಜ್ಜಾರ್ಲೆಗಳಿಗೆ ಯಾರೂ ಅಂಕ ಕೊಡುತ್ತಿರಲಿಲ್ಲ. ಆದರೆ ಅದೇ ಕೆರೆಗೆ ಸುತ್ತಲಿನ ಬಡಾವಣೆಗಳ ಕೊಳಚೆ ನೀರು ಬಂದು ಸೇರುತ್ತಿದ್ದಾಗ, ಮೂಗು ಮುಚ್ಚಿಕೊಂಡು ನಡೆದವರೂ ನಾವೇ. ಯಾರೂ ಎಣಿಸುತ್ತಿರಲಿಲ್ಲ, ನಾವೂ ಕೇಳಲಿಲ್ಲ.

ಆ ಹುಡುಗಿಯ ವಿಷಯ ಕೇಳುತ್ತೀರೇನೋ. ಅಪ್ಪ ಮಗಳು ಒಪ್ಪಂದಕ್ಕೆ ಬಂದು, ಅಪ್ಪನ ಪಟ್ಟಿಯದೊಂದು, ಮಗಳ ಪಟ್ಟಿಯದೊಂದು, ಎರಡೂ ಕಡೆಯ ಓಪನ್ ಡೇಗೆ ಹೋಗಿ ಬಂದರು. ಅಪ್ಪ ಲೈಬ್ರರಿ, ಲ್ಯಾಬು ನೋಡುತ್ತಿದ್ದಾಗ ಮಗಳು ಎರಡು ಕಡೆಯೂ ಕ್ಯಾಂಟೀನಿನ ಹಿಂದೆ ಹೋಗಿ ಕಸ ತುಂಬುತ್ತಿದ್ದವರನ್ನು ಮಾತನಾಡಿಸಿದಳಂತೆ. ಬೇರೆ ಬೇರೆ ಬಣ್ಣದ ಡಬ್ಬಗಳೆಲ್ಲ ಕೊನೆಗೆ ಒಂದೇ ಲಾರಿಗೆ ಹೋಗುತ್ತವೆಯೇ ಎಂದು ಕೇಳಿದಳು. ಒಂದು ಕಡೆಯವರು ಇಲ್ಲ ಎಂದು ಕರೆದುಕೊಂಡು ಹೋಗಿ ತೋರಿಸಿದರು. ಇನ್ನೊಂದು ಕಡೆಯವರು ನಕ್ಕರು. ನಕ್ಕದ್ದು ಯಾವ ಕಡೆ ಎಂದು ನಮಗೆ ಹೇಳಿದ್ದಾಳೆ, ನಿಮಗೆ ಹೇಳಕೂಡದೆಂದೂ ಹೇಳಿದ್ದಾಳೆ. ಅಪ್ಪ ಅಂದುಕೊಂಡ ಕಡೆಯೂ ಅಲ್ಲ, ಮಗಳು ಅಂದುಕೊಂಡ ಕಡೆಯೂ ಅಲ್ಲ ಎಂಬಷ್ಟನ್ನು ಹೇಳಬಹುದು.

ಬರುವ ಯುಗಾದಿಗೆ ಪಂದ್ಯ ಮತ್ತೆ ಇಡಬೇಕೋ ಬೇಡವೋ ಎಂಬುದು ಮುಂದಿನ ಸಭೆಯ ಚರ್ಚೆಯಲ್ಲಿದೆ. ಇಡುವುದಾದರೆ ಮೇಜಿಗೊಂದು ಚೀಲ ಬೇಡ, ಇಡೀ ಹಾಲಿಗೆ ಒಂದೇ ತೂಕ ಇರಲಿ ಎಂದು ಕೆಲವರ ಸಲಹೆ. ಹಾಗಾದರೆ ಗೆಲ್ಲುವವರು ಯಾರು, ಸೋಪು ಯಾರಿಗೆ ಎಂದು ಮಕ್ಕಳ ತಕರಾರು. ತಕ್ಕಡಿ ಸದ್ಯಕ್ಕೆ ಖಜಾಂಚಿಯವರ ಗ್ಯಾರೇಜಿನಲ್ಲಿದೆ.